ಬರಿದಾಗಿ ಮರಳದ ಪಾತ್ರೆ

"ಗುರುಗಳೇ, ಒಳ್ಳೆಯದು ಮಾಡಿದವನನ್ನು ಕಂಡರೆ ಜನ ಮುಖ ತಿರುಗಿಸುವುದೇಕೆ?" ಎಂದು ಶಿಷ್ಯ ಕೇಳಿದ.

"ಯಾರು ತಿರುಗಿಸಿದರು?" ಎಂದರು ಗುರು.

"ಕೆರೆಯಾಚೆ ಬುಟ್ಟಿ ಹೆಣೆಯುವವನೊಬ್ಬನಿದ್ದಾನೆ. ಅವನ ಮನೆಯ ಕಷ್ಟ ತಿಳಿದು ನಾಲ್ಕು ತಿಂಗಳಿಂದ ಪ್ರತಿ ವಾರ ನಮ್ಮ ಮಠದ ಹಿತ್ತಲಿನ ತರಕಾರಿ ಕೊಟ್ಟು ಬರುತ್ತಿದ್ದೇನೆ. ಮೊದಮೊದಲು ಎದ್ದು ಬಂದು ಕೈಮುಗಿಯುತ್ತಿದ್ದ. ಈಗ ನನ್ನನ್ನು ದೂರದಲ್ಲಿ ಕಂಡರೆ ಬೇರೆ ದಾರಿ ಹಿಡಿಯುತ್ತಾನೆ. ನಾನು ಮಾಡಿದ ತಪ್ಪೇನು?"

ಗುರು ತಪ್ಪು ಎನ್ನಲಿಲ್ಲ, ಸರಿ ಎಂದೂ ಹೇಳಲಿಲ್ಲ. ಒಂದು ಕತೆ ಹೇಳಿದರು.

ಒಂದು ಊರಿನಲ್ಲಿ ಒಬ್ಬ ದರ್ಜಿಯಿದ್ದ. ಅವನ ಕಣ್ಣು ಮಂಜಾಯಿತು. ಸೂಜಿಗೆ ದಾರ ಪೋಣಿಸಲು ಹೆಂಡತಿಯನ್ನು ಕರೆಯುವಂತಾಯಿತು. ಮದುವೆಯ ಬಟ್ಟೆ ತರುತ್ತಿದ್ದವರು ಬೇರೆ ದರ್ಜಿಯ ಬಳಿಗೆ ಹೋದರು. ಇವನಿಗೆ ಉಳಿದದ್ದು ದಿಂಬಿನ ಚೀಲ ಮತ್ತು ಹರಿದ ಬಟ್ಟೆಯ ತೇಪೆ. ಮನೆಯಲ್ಲಿ ಉಣ್ಣುವವರು ಐದು ಜನ. ದರ್ಜಿ, ಅವನ ಹೆಂಡತಿ ಅಂಬಾಬಾಯಿ, ಇಬ್ಬರು ಹೆಣ್ಣುಮಕ್ಕಳು, ದರ್ಜಿಯ ಮುದಿ ತಂದೆ.

ಅಂಬಾಬಾಯಿ ಜಾಣೆ. ಪ್ರತಿ ಸೋಮವಾರ ಅಂಗಡಿಯಿಂದ ವಾರಕ್ಕಾಗುವಷ್ಟು ಬೇಳೆ ತರುತ್ತಿದ್ದಳು. ಚೂರು ಬಟ್ಟೆಯಿಂದ ಏಳು ಪುಟ್ಟ ಚೀಲ ಹೊಲಿದು, ಬೇಳೆಯನ್ನು ಏಳು ಪಾಲು ಮಾಡಿ ತುಂಬಿಡುತ್ತಿದ್ದಳು. ದಿನಕ್ಕೊಂದು ಚೀಲ. ಏನೇ ಆದರೂ ನಾಳೆಯ ಚೀಲವನ್ನು ಇಂದು ಬಿಚ್ಚುತ್ತಿರಲಿಲ್ಲ. ಅಕ್ಕಿಯ ಬದಲು ನುಚ್ಚು ತರುತ್ತಿದ್ದಳು. ಸಂತೆಗೆ ಎಲ್ಲರಿಗಿಂತ ಕೊನೆಗೆ ಹೋಗುತ್ತಿದ್ದಳು. ಮಾರುವವರು ಗಂಟು ಕಟ್ಟುವ ಹೊತ್ತಿಗೆ ಬಾಡಿದ ಸೊಪ್ಪು ಅಗ್ಗಕ್ಕೆ ಸಿಗುತ್ತಿತ್ತು. ಹೀರೇಕಾಯಿಯ ತಿರುಳು ಪಲ್ಯವಾದರೆ ಸಿಪ್ಪೆ ಚಟ್ನಿಯಾಗುತ್ತಿತ್ತು. ಹುರುಳಿ ಬೇಯಿಸಿದ ದಿನ ಅದರ ಕಟ್ಟಿನಲ್ಲಿ ಸಾರು, ಕಾಳು ಮಾರನೆಯ ದಿನಕ್ಕೆ. ಸಕ್ಕರೆ ಆ ಮನೆಗೆ ಬರುತ್ತಿರಲಿಲ್ಲ. ಆದರೆ ಯಾರೂ ಹಸಿದು ಮಲಗುತ್ತಿರಲಿಲ್ಲ. ಅದು ಅವಳ ಹೆಮ್ಮೆಯಾಗಿತ್ತು. ಅದನ್ನು ಅವಳು ಯಾರ ಬಳಿಯೂ ಹೇಳಿಕೊಂಡವಳಲ್ಲ.

ಪಕ್ಕದ ಮನೆ ಒಬ್ಬ ಎಣ್ಣೆ ವ್ಯಾಪಾರಿಯದು. ಅವನ ಹೆಂಡತಿ ಬಸಲಿಂಗವ್ವ. ಧಾರಾಳದ ಕೈ, ಮನಸ್ಸೂ ಒಳ್ಳೆಯದು. ಒಂದು ದಿನ ಅವಳು ಪಾಯಸ ಮಾಡುತ್ತಿದ್ದಾಗ, ದರ್ಜಿಯ ಕಿರಿಯ ಮಗಳು "ಅವ್ವಾ, ಘಮಘಮ ಬರ್ತಿದೆ, ನಾವು ಯಾವಾಗ ಮಾಡೋದು?" ಎಂದದ್ದು ಗೋಡೆಯ ಈಚೆಗೆ ಕೇಳಿಸಿತು. ಬಸಲಿಂಗವ್ವ ಸೌಟು ಕೆಳಗಿಟ್ಟಳು. ಹಿತ್ತಾಳೆಯ ಪಾತ್ರೆಯ ತುಂಬ ಪಾಯಸ ತುಂಬಿಕೊಂಡು ಹೋಗಿ ಹೊಸಿಲಲ್ಲಿ ನಿಂತು ಕೊಟ್ಟಳು.

ಅಂದು ಆ ಮನೆಯಲ್ಲಿ ಹಬ್ಬವೇ ಆಯಿತು. ಹಲ್ಲಿಲ್ಲದ ಮುದುಕ ಎರಡು ಸಲ ಹಾಕಿಸಿಕೊಂಡ.

ಮಾರನೆಯ ಬೆಳಿಗ್ಗೆ ಅಂಬಾಬಾಯಿ ಪಾತ್ರೆಯನ್ನು ತೊಳೆದು ಒರೆಸಿ ಕೈಯಲ್ಲಿ ಹಿಡಿದು ನಿಂತಳು. ಬಂದ ಪಾತ್ರೆಯನ್ನು ಬರಿದಾಗಿ ಕಳಿಸುವ ರೂಢಿ ಆ ಕಡೆ ಇರಲಿಲ್ಲ. ಒಂದು ಹಿಡಿ ಸಕ್ಕರೆಯಾದರೂ ಹಾಕಿ ಕಳಿಸಬೇಕು. ಅವಳು ಡಬ್ಬಿಗಳನ್ನೆಲ್ಲ ತೆರೆದು ನೋಡಿದಳು. ಕೊನೆಗೆ ಭಾನುವಾರದ ಚೀಲವನ್ನು ಸೆರಗಿನಲ್ಲಿ ಮುಚ್ಚಿಕೊಂಡು ಅಂಗಡಿಗೆ ಹೋದಳು. ಆ ಬೇಳೆಯನ್ನು ಕೊಟ್ಟು ಸಕ್ಕರೆ ಪಡೆದಳು. ಅದನ್ನು ಪಾತ್ರೆಗೆ ಹಾಕಿ ಪಕ್ಕದ ಮನೆಗೆ ಕೊಟ್ಟಳು.

"ಅಯ್ಯೋ, ಇದೆಲ್ಲ ಯಾಕವ್ವಾ?" ಎಂದಳು ಬಸಲಿಂಗವ್ವ. ಎನ್ನುತ್ತಲೇ ಸಕ್ಕರೆಯನ್ನು ತನ್ನ ಡಬ್ಬಿಗೆ ಸುರಿದುಕೊಂಡಳು.

ಆ ಭಾನುವಾರ ದರ್ಜಿಯ ಮನೆಯಲ್ಲಿ ಬರೀ ಹುಣಸೆ ನೀರಿಗೆ ಒಗ್ಗರಣೆ ಹಾಕಿ ಉಂಡರು.

ಬಸಲಿಂಗವ್ವನಿಗೆ ಕೊಡುವುದರ ಸುಖ ಹತ್ತಿತು. ಮೊದಲು ಹುಣ್ಣಿಮೆಗೊಮ್ಮೆ ಬರುತ್ತಿದ್ದ ಪಾತ್ರೆ ವಾರಕ್ಕೊಮ್ಮೆ ಬರತೊಡಗಿತು. ಕೆಲವು ವಾರ ಎರಡು ಸಲವೂ ಬಂತು. ಒಮ್ಮೆ ಕಡುಬು, ಒಮ್ಮೆ ಹೋಳಿಗೆ, ಒಮ್ಮೆ ಬರೀ ಕೋಸಂಬರಿ. ಬರುತ್ತಿದ್ದದ್ದು ಐದು ಜನಕ್ಕೆ ಎರಡೆರಡು ತುತ್ತು. ಅದಕ್ಕಾಗಿ ಹೋಗುತ್ತಿದ್ದದ್ದು ಒಂದು ದಿನದ ಚೀಲ. ಅಂಬಾಬಾಯಿ ಆ ದಿನಗಳಲ್ಲಿ ತನ್ನ ಪಾಲನ್ನು ಕಡಿಮೆ ಮಾಡಿಕೊಂಡಳು. ಆಮೇಲೆ ಅದೂ ಸಾಲದಾಯಿತು. "ಅವ್ವಾ, ಪಾತ್ರೆ ಬಂತು!" ಎಂದು ಬಾಗಿಲಿಂದಲೇ ಕೂಗುತ್ತಿದ್ದ ಹಿರಿಯ ಮಗಳು ಈಗ ಅದನ್ನು ಒಲೆಯ ಬಳಿ ಬಂದು ಮೆಲ್ಲಗೆ ಹೇಳತೊಡಗಿದಳು.

ಹೀಗೆ ಎರಡು ವರ್ಷ ಕಳೆಯಿತು.

ಒಂದು ಮಧ್ಯಾಹ್ನ ಬಸಲಿಂಗವ್ವ ಬಂದು ಬಾಗಿಲು ಬಡಿದಳು. ಕರೆದಳು. ಒಳಗೆ ಮುದುಕ ಕೆಮ್ಮಿದ್ದು ಕೇಳಿಸಿತು. ಬಾಗಿಲು ತೆರೆಯಲಿಲ್ಲ. ಅವಳು ಮತ್ತೊಮ್ಮೆ ಕರೆದು, ತುಂಬಿದ ಪಾತ್ರೆಯನ್ನು ಹಾಗೆಯೇ ಮನೆಗೆ ಒಯ್ದಳು.

ಮಾರನೆಯ ದಿನ ಬಾವಿಯ ಬಳಿ ನಾಲ್ಕು ಹೆಂಗಸರ ಎದುರು ಅವಳು ಹೇಳಿದಳು: "ಕೊಡೋಕೆ ಹೋದರೆ ಬಾಗಿಲು ಹಾಕಿಕೊಳ್ಳೋ ಜನರನ್ನು ಇಲ್ಲೇ ನೋಡಿದೆ. ಎರಡು ವರ್ಷ ತಿಂದರು. ಈಗ ನಮ್ಮ ಮನೆಯದು ರುಚಿಸೋದಿಲ್ಲ."

ಅಂಬಾಬಾಯಿ ಕೊಡ ಹಿಡಿದು ಅವಳ ಹಿಂದೆಯೇ ನಿಂತಿದ್ದಳು. ತನ್ನ ಸರದಿ ಬಂದಾಗ ನೀರು ಸೇದಿಕೊಂಡು ಹೋದಳು.

ಹಿಂದೆ ಬಂದಿದ್ದ ಬಸಲಿಂಗವ್ವನ ಇನ್ನೊಂದು ಪಾತ್ರೆ ಅಂಬಾಬಾಯಿಯ ಮನೆಯಲ್ಲಿ ಉಳಿದಿತ್ತು. ಸೋಮವಾರ ಹಿರಿಯ ಮಗಳು ಅದನ್ನು ತಂದುಕೊಟ್ಟಳು. ಪಾತ್ರೆಯ ಬಾಯಿಯವರೆಗೆ ತೊಗರಿಬೇಳೆ ತುಂಬಿತ್ತು. 'ಸೊಕ್ಕು ತೋರಿಸುತ್ತಿದ್ದಾಳೆ' ಎಂದುಕೊಂಡು ಬಸಲಿಂಗವ್ವ ಬೇಳೆಯನ್ನು ತನ್ನ ಡಬ್ಬಿಗೆ ಸುರಿದಳು. ಹುಡುಗಿಯನ್ನು ಕೂರು ಎಂದೂ ಹೇಳಲಿಲ್ಲ.

ನಾಲ್ಕು ದಿನಗಳ ನಂತರ ದರ್ಜಿಯ ಮನೆಗೆ ಬೀಗ ಬಿತ್ತು. ಅವರು ಅಂಬಾಬಾಯಿಯ ಅಣ್ಣನ ಊರಿಗೆ ಹೋದರೆಂದು ಆಮೇಲೆ ತಿಳಿಯಿತು. ಹೋಗುವಾಗ ಯಾರಿಗೂ ಹೇಳಿರಲಿಲ್ಲ.

ತಿಂಗಳು ಕಳೆದ ಮೇಲೆ ಬಸಲಿಂಗವ್ವ ಯಾವುದೋ ಕೆಲಸಕ್ಕೆ ಅಂಗಡಿಗೆ ಹೋದಳು. ಅಂಗಡಿಯವನು ಮಾತಿನ ನಡುವೆ ಕೇಳಿದ: "ನಿಮ್ಮ ಪಕ್ಕದ ಮನೆಯ ಆ ತಾಯಿ ಎಲ್ಲಿ ಹೋದರು? ವಾರ ವಾರ ಬೇಳೆ ತಂದುಕೊಟ್ಟು ಸಕ್ಕರೆ ಒಯ್ಯುತ್ತಿದ್ದರು."

"ಬೇಳೆ ಕೊಟ್ಟು ಸಕ್ಕರೆಯೇ?"

"ಹೌದು. ಸೋಮವಾರ ನನ್ನಲ್ಲೇ ಕೊಂಡ ಬೇಳೆ. ಒಂದು ಹಿಡಿಯಷ್ಟು, ಚಿಂದಿಯ ಚೀಲದಲ್ಲಿ. 'ಪಾತ್ರೆ ಬಂದಿದೆ, ಬರಿದಾಗಿ ಹೇಗೆ ಕಳಿಸಲಿ' ಎನ್ನುತ್ತಿದ್ದರು. ಕೊನೆಯ ಸೋಮವಾರ ಮಾತ್ರ ಪಾತ್ರೆಯನ್ನೇ ತಂದಿದ್ದರು. ವಾರದ ಬೇಳೆಯನ್ನೆಲ್ಲ ಅದಕ್ಕೇ ಹಾಕಿಸಿಕೊಂಡು ಹೋದರು."

ಬಸಲಿಂಗವ್ವ ಬಂದ ಕೆಲಸ ಮರೆತು ಮನೆಗೆ ನಡೆದಳು. ಅಡುಗೆಮನೆಗೆ ಹೋಗಿ ಬೇಳೆಯ ಡಬ್ಬಿ ತೆರೆದಳು. ಆ ಬೇಳೆ ಎಂದೋ ಬೆಂದು, ಉಂಡು, ಮುಗಿದಿತ್ತು. ಎಂದು ಬೇಯಿಸಿದೆ, ಯಾರು ಉಂಡರು ಎಂಬುದೂ ಅವಳಿಗೆ ನೆನಪಾಗಲಿಲ್ಲ. ಅಂದು ಗಂಡನಿಗೆ ಬಡಿಸಿ ತಾನು ತಟ್ಟೆಯ ಮುಂದೆ ಕುಳಿತಳು. ತುತ್ತು ಎತ್ತಲು ಆಗಲಿಲ್ಲ.

ಮಾರನೆಯ ವಾರ ಅವಳು ಬಂಡಿಯಲ್ಲಿ ಒಂದು ಮೂಟೆ ತೊಗರಿಬೇಳೆ ಹಾಕಿಸಿಕೊಂಡು ಆ ಊರಿಗೆ ಹೋದಳು. ವಿಚಾರಿಸಿ ಮನೆ ಹುಡುಕಿದಳು. ಅಂಬಾಬಾಯಿ ಬಾಗಿಲು ತೆರೆದಳು. ಸೊರಗಿದ್ದಳು. ಆದರೂ ಸೆರಗು ಸರಿ ಮಾಡಿಕೊಂಡು, "ಬನ್ನಿ ಅಕ್ಕಾ, ಚೆನ್ನಾಗಿದ್ದೀರಾ?" ಎಂದಳು.

ಬಸಲಿಂಗವ್ವ ಅತ್ತುಬಿಟ್ಟಳು. "ಒಂದು ಮಾತು ಹೇಳಬಾರದಿತ್ತೇ ತಂಗೀ? ಪಾತ್ರೆಗೆ ಏನೂ ಹಾಕಬೇಡ ಅಂತಿದ್ದೆನಲ್ಲ."

"ಅದಕ್ಕೇ ಹೇಳಲಿಲ್ಲ ಅಕ್ಕಾ. ಬರಿ ಪಾತ್ರೆ ಹಿಂದಿರುಗಿಸುವವಳಾಗಿ ನಿಮ್ಮ ಪಕ್ಕದಲ್ಲಿ ಬದುಕಲು ನನಗೆ ಆಗುತ್ತಿರಲಿಲ್ಲ. ಆ ಬೀದಿಯಲ್ಲಿ ನಾನು ನಿಮಗೆ ನೆರೆಯವಳಾಗಿದ್ದೆ. ಅಷ್ಟನ್ನು ಉಳಿಸಿಕೊಳ್ಳಬೇಕೆಂದಿದ್ದೆ."

ಬಸಲಿಂಗವ್ವ ಕಣ್ಣೊರೆಸಿಕೊಂಡು ಬಂಡಿಯ ಕಡೆ ತೋರಿಸಿದಳು. "ಇದನ್ನಾದರೂ ಇಳಿಸಿಕೋ. ನಿನ್ನದೇ ಎಂದುಕೋ."

ಅಂಬಾಬಾಯಿ ಮೂಟೆಯನ್ನು ನೋಡಿದಳು. ಬಹಳ ಹೊತ್ತು ನೋಡಿದಳು. ಒಳಗೆ ಮಕ್ಕಳಿದ್ದರು. ಮುದುಕ ಹಿಂದಿನ ತಿಂಗಳು ತೀರಿಕೊಂಡಿದ್ದ.

"ತೆಗೆದುಕೊಂಡು ಹೋಗಿ ಅಕ್ಕಾ," ಎಂದಳು. "ಇಷ್ಟಕ್ಕೆ ತಿರುಗಿ ಕೊಡಲು ನನ್ನ ಹತ್ತಿರ ಏನೂ ಇಲ್ಲ."

ಬಸಲಿಂಗವ್ವ ಹೊಸಿಲಿನಿಂದಲೇ ಹಿಂದಿರುಗಿದಳು. ಮೂಟೆಯೂ ಅವಳೊಡನೆ ಹಿಂದಿರುಗಿತು. ಆಮೇಲೆ ಅವರಿಬ್ಬರೂ ಒಬ್ಬರನ್ನೊಬ್ಬರು ನೋಡಲಿಲ್ಲ. ಪಕ್ಕದ ಮನೆಗೆ ಬೇರೆಯವರು ಬಂದರು. ಬಸಲಿಂಗವ್ವ ಅವರೊಡನೆ ಚೆನ್ನಾಗಿಯೇ ಇದ್ದಳು. ಆದರೆ ಪಾಯಸ ಮಾಡಿದ ದಿನ ಒಲೆಯ ಮುಂದೆ ಕೈಕಟ್ಟಿ ಕುಳಿತುಬಿಡುತ್ತಿದ್ದಳು, ಅದು ತಳ ಹಿಡಿಯುವವರೆಗೂ.

ಗುರು ಕತೆ ನಿಲ್ಲಿಸಿದರು.

ಶಿಷ್ಯ ಕೇಳಿದ: "ಆಕೆ ಕೆಟ್ಟವಳಲ್ಲ ಗುರುಗಳೇ. ಕೊನೆಗೆ ಹುಡುಕಿಕೊಂಡು ಹೋದಳಲ್ಲ. ಬೇಳೆಯ ಮೂಟೆಯ ಬದಲು ಆಕೆ ಬೇರೆ ಏನನ್ನು ಒಯ್ಯಬೇಕಾಗಿತ್ತು?"

ಗುರು ಅವನ ಮುಖ ನೋಡಿ ಕೇಳಿದರು:

"ಆ ಬುಟ್ಟಿ ಹೆಣೆಯುವವನ ಮನೆಯಲ್ಲಿ ನೀನು ಎಂದಾದರೂ ಒಂದು ಲೋಟ ನೀರು ಕೇಳಿ ಕುಡಿದಿದ್ದೀಯಾ?"

ಮಾರನೆಯ ದಿನ ಶಿಷ್ಯ ಬರಿಗೈಯಲ್ಲಿ ಕೆರೆಯಾಚೆಗೆ ಹೊರಟ.