ಮಾತು ಕೇಳದ ಟೇಪು

ಒಂದು ಊರಿನಲ್ಲಿ ಹಾಡುಗಳನ್ನು ಕೂಡಿಡುವ ಮನೆಯೊಂದಿತ್ತು. ಬೀಸುವ ಪದ, ಕುಟ್ಟುವ ಪದ ಹೇಳುವ ಅಜ್ಜಿಯರ ದನಿಗಳನ್ನು ಹಳ್ಳಿಹಳ್ಳಿ ಸುತ್ತಿ ತಂದು ಅಲ್ಲಿಯ ಕಂಪ್ಯೂಟರ್ ಡಿಸ್ಕಿನಲ್ಲಿ ಇಟ್ಟಿದ್ದರು. ಆ ಅಜ್ಜಿಯರಲ್ಲಿ ಮುಕ್ಕಾಲು ಪಾಲು ಈಗಿಲ್ಲ, ಮಕ್ಕಳೇ. ದನಿ ಮಾತ್ರ ಇದೆ.

ಅಲ್ಲಿ ಟೇಪಿನ ಕೆಲಸ ಫಕೀರವ್ವನದು. ಪ್ರತಿ ಶನಿವಾರ ಆಕೆ ಡಿಸ್ಕಿನಲ್ಲಿದ್ದುದನ್ನೆಲ್ಲ ಟೇಪಿಗೆ ನಕಲು ಮಾಡುತ್ತಿದ್ದಳು. ಆ ಟೇಪಿನಿಂದ ಒಂದು ಪದ ಹಚ್ಚಿ ಕೇಳಿ, ಸರಿಯಾಗಿ ಬಂದಿದೆ ಎಂದು ಖಾತ್ರಿಯಾದ ಮೇಲೆ ಯಂತ್ರದಿಂದ ಹೊರತೆಗೆದು, ಎದುರಿನ ಹೆಣ್ಣುಮಕ್ಕಳ ಶಾಲೆಯ ಕಬ್ಬಿಣದ ಕಪಾಟಿನಲ್ಲಿಟ್ಟು ಬರುತ್ತಿದ್ದಳು.

ಮೇಲ್ವಿಚಾರಕ ಕಳಕಪ್ಪನವರು ಅಚ್ಚುಕಟ್ಟಿನ ಮನುಷ್ಯ. ಅವರಿಗೆ ಇದು ನಗೆಪಾಟಲು.

"ಎರಡ ಡಿಸ್ಕ್ ಅದಾವಲ್ಲ ಫಕೀರವ್ವ? ಒಂದರಾಗ ಏನ್ ಮಾಡಿದ್ರೂ ಮರುಗಳಿಗೀಗೆ ಇನ್ನೊಂದರಾಗೂ ಆಗ್ತೈತಿ. ಮತ್ತ್ಯಾಕ ಈ ಟೇಪ್ ಸುತ್ತೂ ಕೆಲಸ?"

"ನಿಲ್ಲಸು ಅಂತ ಬರದ ಕೊಡ್ರಿ ಸಾಹೇಬ್ರ, ನಿಲ್ಲಸ್ತೀನಿ."

ಬರೆದುಕೊಡಲು ಸಮಿತಿಯ ಸಹಿ ಬೇಕು. ಆ ಉಸಾಬರಿ ಯಾರಿಗೆ ಬೇಕೆಂದು ಕಳಕಪ್ಪನವರು ಸುಮ್ಮನಾದರು. ಸೋಮಾರಿತನದಿಂದಲೂ ಒಮ್ಮೊಮ್ಮೆ ಪುಣ್ಯದ ಕೆಲಸ ಆಗುತ್ತದೆ.

ಒಂದು ಸೋಮವಾರ ಅವರು ಡಿಸ್ಕು ಸ್ವಚ್ಛಮಾಡಲು ಕೂತರು. ಬೀಸುವ ಪದಗಳ ಪಟ್ಟಿ ತೆರೆದರೆ ಇನ್ನೂರ ಹನ್ನೆರಡು ಪದಕ್ಕೂ ಒಂದೇ ಹೆಸರು, ಮುಂದೆ ಒಂದೊಂದು ಅಂಕಿ. ಆ ಕಡೆಯ ಹೆಂಗಸರು ಬೀಸುಕಲ್ಲಿಗೆ ಶರಣೆನ್ನದೆ ಪದ ಎತ್ತುವುದಿಲ್ಲ. ಪದದ ಮೊದಲ ಸಾಲನ್ನೇ ಹೆಸರಾಗಿ ಬರೆಯುವುದು ಆ ಮನೆಯ ರೂಢಿ. ಒಂದು ದಿನವೂ ಬೀಸುಕಲ್ಲಿನ ಮುಂದೆ ಕೂರದ ಕಳಕಪ್ಪನವರಿಗೆ ಇದು ಹೊಳೆಯಬೇಕಲ್ಲ! ಒಂದೇ ಪದ ಇಷ್ಟು ಸಲ ಸೇರಿಕೊಂಡಿದೆ ಎಂದು ತಿಳಿದು, ಮೊದಲನೆಯದನ್ನು ಉಳಿಸಿ ಮಿಕ್ಕಿದ್ದನ್ನೆಲ್ಲ ಅಳಿಸಿಬಿಟ್ಟರು.

ಗುರುವಾರ ಎರಡು ಬಸ್ಸು ಬದಲಿಸಿ ಬಾಳವ್ವ ಎಂಬ ಹೆಂಗಸು ಬಂದಳು.

"ನಮ್ಮವ್ವ ತೀರಿಕೊಂಡು ಆರ ವರ್ಷ ಆತ್ರಿ. ಮನ್ಯಾಗ ಆಕೀದೊಂದು ಫೋಟೋನೂ ಇಲ್ಲ. ಆಕೀ ಬೀಸೂ ಪದ ಇಲ್ಲಿ ಐತಂತಲ್ಲ, ಕೇಳಿ ಹೋಗ್ತೀನ್ರಿ."

ದಾಖಲೆ ಪುಸ್ತಕ ನೋಡಿದರು. ತೊಂಬತ್ತಾರನೆಯ ಪದ. ಡಿಸ್ಕಿನಲ್ಲಿ ಅದಿರಲಿಲ್ಲ. ಎರಡನೆಯ ಡಿಸ್ಕಿನಲ್ಲೂ ಇರಲಿಲ್ಲ. ಸೋಮವಾರ ತಾವು ಅಳಿಸಿದ್ದು ಏನೆಂದು ಕಳಕಪ್ಪನವರಿಗೆ ಆಗ ಹೊಳೆಯಿತು. ಯಂತ್ರ ಕೆಟ್ಟಿದೆ ಎಂದುಬಿಡೋಣ ಎಂಬ ಮಾತು ನಾಲಿಗೆಯ ತುದಿಗೆ ಬಂತು. ಬಾಳವ್ವನ ಮುಖ ನೋಡಿ ಅದನ್ನು ನುಂಗಿಕೊಂಡರು.

"ತಪ್ಪು ನಂದವ್ವ. ನಾನ ಅಳಿಸೀನಿ," ಎಂದರು.

ಬಾಳವ್ವ ಸೆರಗಿನ ತುದಿ ಹಿಡಿದು ನಿಂತಳು. ಫಕೀರವ್ವ ಮಾತ್ರ ಚಪ್ಪಲಿ ಮೆಟ್ಟಿ ರಸ್ತೆ ದಾಟಿದಳು. ಶನಿವಾರದ ಟೇಪು ತಂದು ಯಂತ್ರಕ್ಕೆ ಹಾಕಿದಳು.

"ನಿಮ್ಮ ಡಿಸ್ಕು ಭಾಳ ಶಾಣ್ಯಾ ಅದಾವ ಸಾಹೇಬ್ರ, ಹೇಳಿದ ಮಾತು ತಗದ ಹಾಕೂದಿಲ್ಲ. ಇದು ಕಪಾಟಿನ್ಯಾಗ ಮಲಗಿತ್ತು. ನಿಮ್ಮ ಹುಕುಂ ಇದಕ್ಕ ಮುಟ್ಟೇ ಇಲ್ಲ."

ಟೇಪು ನಿಧಾನಕ್ಕೆ ಸುತ್ತುತ್ತ, ಅಳಿಸಿದ ಪದಗಳೆಲ್ಲ ಒಂದೊಂದಾಗಿ ಡಿಸ್ಕಿಗೆ ಮರಳತೊಡಗಿದವು. ಬಾಳವ್ವನಿಗೆ ಮಂಡಕ್ಕಿ ಮಿರ್ಚಿ ತರಿಸಿದರು. ಆಕೆ ಮುಟ್ಟಲಿಲ್ಲ. ಸುಮಾರು ಎರಡು ತಾಸಾದ ಮೇಲೆ ಬೀಸುಕಲ್ಲಿನ ಗರಗರ ಸದ್ದಿನೊಡನೆ ತಾಯಿಯ ದನಿ ಕೋಣೆಯ ತುಂಬ ಬಂತು. ಬಾಳವ್ವ ಅತ್ತಳು. ಎರಡನೆಯ ನುಡಿ ಬರುವಷ್ಟರಲ್ಲಿ ಕಣ್ಣೊರೆಸಿಕೊಂಡು ನಗತೊಡಗಿದಳು. ಮೂವರಿಗೂ ಹೇಳಲಾಗದಷ್ಟು ಸಂತೋಷವಾಗಿತ್ತು.

"ಇಲ್ಲೇ ನೋಡ್ರಿ, ನಮ್ಮವ್ವ ಇಲ್ಲೇ ತಪ್ಪತಿದ್ಲು. ಅತ್ತೀ ಹೆಸರು ಬರೂ ಕಡೆ ನಾದ್ನಿ ಹೆಸರು ಹೇಳ್ತಿದ್ಲು. ನಾವು ಎಷ್ಟ ಕಾಡಿಸಿದ್ರೂ ತಿದ್ದಿಕೊಳ್ಳಲಿಲ್ಲ. ಸರಿ ಪದ ನಾ ಹೇಳ್ತೀನಿ, ಹಿಡಕೋರಿ."

ಕಳಕಪ್ಪನವರು ತಾವೇ ಮೈಕು ಹಿಡಿದರು. ಬಾಳವ್ವ ಕೈಯನ್ನು ಬೀಸುವಂತೆ ತಿರುಗಿಸುತ್ತ ಪದ ಪೂರ್ತಿ ಹೇಳಿದಳು. ಮುಗಿದ ಮೇಲೆ ಅಚ್ಚುಕಟ್ಟಿನ ಮನುಷ್ಯ ಅಭ್ಯಾಸಬಲದಿಂದ ಕೇಳಿದರು:

"ಸರಿಯಾದ್ದು ಬಂತಲ್ಲ. ಹಂಗಾರ ಆ ತಪ್ಪಿದ್ದನ್ನ ಅಳಸೂಣೇನು?"

"ಅದನ್ನ ಮುಟ್ಟಬ್ಯಾಡ್ರಿ," ಎಂದರು ಇಬ್ಬರು ಹೆಂಗಸರೂ ಒಟ್ಟಿಗೆ.

ನೀತಿ: ನಾವು ಹೇಳಿದ್ದಕ್ಕೆಲ್ಲ ಹೂಂ ಎನ್ನುವ ನಕಲು ನಮ್ಮ ತಪ್ಪಿಗೂ ಹೂಂ ಎನ್ನುತ್ತದೆ. ಮತ್ತೆ ಸಿಗಲಾರದ್ದರ ಒಂದು ಪ್ರತಿಯನ್ನು ನಮ್ಮ ಕೈಗೇ ಎಟುಕದ ಕಡೆ ಇಡಬೇಕು. ಅದು ಸರಿಯಿದೆಯೇ ಎಂದು ಆಗಾಗ ನೋಡಬೇಕು.