ಏಳುವವರನ್ನು ನೋಡು

ತುಂಗಭದ್ರೆಯ ದಂಡೆಯಲ್ಲಿ ಒಂದು ಸಣ್ಣ ಆಶ್ರಮವಿತ್ತು. ಅಲ್ಲಿನ ಗುರುಗಳಾದ ಚಿದಂಬರಯ್ಯನವರು ಕಾವಿ ಉಟ್ಟವರಲ್ಲ. ಹಿಂದೆ ವಿಮಾನ ನಿಲ್ದಾಣದ ಗೋಪುರದಲ್ಲಿ ಕೂತು, ಬರುವ ಹೋಗುವ ವಿಮಾನಗಳಿಗೆ ದಾರಿ ಹೇಳುತ್ತಿದ್ದವರು.

ಅದೇ ಕೆಲಸ ಮಾಡುವ ಆಸೆಯಿಂದ ನಾಗವೇಣಿ ಅವರ ಬಳಿಗೆ ಬಂದಿದ್ದಳು. ಡಿಗ್ರಿ ಮುಗಿಸಿದ್ದಳು, ಲೆಕ್ಕದಲ್ಲಿ ಚುರುಕು, ಕಣ್ಣಿನ ದೃಷ್ಟಿ ಚೆನ್ನಾಗಿತ್ತು.

ಗುರುಗಳು ಅವಳೊಡನೆ ವಿಮಾನದ ಮಾತೇ ಎತ್ತಲಿಲ್ಲ. ದಂಡೆಯ ಮೇಲಿನ ಎತ್ತರದ ಕಲ್ಲನ್ನು ತೋರಿಸಿ, "ಅಲ್ಲಿ ಕೂತು ಹೊಳೆ ನೋಡು" ಎಂದರು.

ಹೊಳೆಯ ನಡುವೆ ಎರಡು ಹೆಬ್ಬಂಡೆಗಳಿದ್ದವು. ಅವುಗಳ ನಡುವಿನ ಕಿರುದಾರಿಯಲ್ಲಿ ಒಂದು ಸಲಕ್ಕೆ ಒಂದೇ ಹರಿಗೋಲು ದಾಟಬಹುದು. ಆಚೆ ದಡದಿಂದ ಹೊರಟವರಿಗೆ ಈಚೆ ದಡದವರು ಕಾಣುವುದಿಲ್ಲ. ಅದಕ್ಕೆಂದೇ ಕಲ್ಲಿನ ಮೇಲೆ ಒಬ್ಬರು ಕೂತು ಬಿಳಿ ಬಟ್ಟೆ ಬೀಸುತ್ತಿದ್ದರು. ಯಾರ ಕಡೆಗೆ ಬೀಸಿದರೋ ಅವರು ಬರಬೇಕು. ಇನ್ನೊಂದು ಕಡೆಯವರು ಕಾಯಬೇಕು.

ಮೊದಲು ಆ ಕಲ್ಲಿನ ಮೇಲೆ ಗುರುಗಳ ಹೆಂಡತಿ ಕೂರುತ್ತಿದ್ದರು. ಅವರು ತೀರಿಕೊಂಡ ಮೇಲೆ ಶಿಷ್ಯರು ಸರದಿ ಹಿಡಿದಿದ್ದರು.

ಒಂದು ದಿನ ನಾಗವೇಣಿಗೆ ಎರಡು ತರಬೇತಿ ಶಾಲೆಗಳಿಂದ ಕರೆ ಬಂತು. ಎರಡರಲ್ಲೂ ಜಾಗ ಸಿಕ್ಕಿತ್ತು. ಒಂದನ್ನು ಆರಿಸಿಕೊಂಡು ಬೇಗ ತಿಳಿಸಬೇಕಿತ್ತು. ಅವಳ ವಯಸ್ಸು ಮಿತಿಯ ಅಂಚಿಗೆ ಬಂದಿತ್ತು. ಆ ಕೆಲಸದ ಆಯ್ಕೆ ಪರೀಕ್ಷೆಗೆ ಕೂರಲು ಉಳಿದಿದ್ದುದು ಒಂದೇ ಅವಕಾಶ. ಶಾಲೆ ತಪ್ಪಿದರೆ ಎಲ್ಲ ತಪ್ಪಿದಂತೆ.

ಆ ಬೆಳಿಗ್ಗೆ ಕಲ್ಲಿನ ಮೇಲೆ ಕೂತಿದ್ದರೂ ಅವಳ ಮನಸ್ಸು ಅಲ್ಲಿರಲಿಲ್ಲ. ಯಾಂತ್ರಿಕವಾಗಿ ಒಮ್ಮೆ ಬಟ್ಟೆ ಬೀಸಿದಳು. ಅಷ್ಟರಲ್ಲಿ ಮುಂದಿನ ಸರದಿಯ ಬಸಲಿಂಗಣ್ಣ ಬಂದ. ಅವನು ಬಸ್ಸಿನ ಕಂಡಕ್ಟರ್ ಆಗಿದ್ದು ನಿವೃತ್ತನಾಗಿ ಆಶ್ರಮ ಸೇರಿದವನು.

"ಏಳವ್ವಾ, ನಿನ್ನ ವಿಮಾನ ಹೊಂಡೋ ಹೊತ್ತಾತು."

"ಎಲ್ಲ ಸರಿ ಐತಿ ಅಣ್ಣಾ" ಎಂದು ಬಟ್ಟೆಯನ್ನು ಅವನ ಕೈಗಿಟ್ಟು, ನಾಗವೇಣಿ ಆಶ್ರಮದತ್ತ ಓಡಿದಳು.

ಗುರುಗಳು ಜಗಲಿಯಲ್ಲಿ ಕೂತು ಮೊರದಲ್ಲಿ ಅಕ್ಕಿ ಆರಿಸುತ್ತಿದ್ದರು.

"ಗುರುಗಳೇ, ಎರಡು ಶಾಲೆಯವರು ಕರೆದಿದ್ದಾರೆ. ಯಾವುದಕ್ಕೆ ಸೇರಲಿ?"

"ಕಲ್ಲಿನ ಮೇಲೆ ಯಾರಿದ್ದಾರೆ?"

"ಬಸಲಿಂಗಣ್ಣ."

"ಅವನಿಗೆ ಏನು ಹೇಳಿ ಬಂದೆ?"

"ಎಲ್ಲ ಸರಿ ಇದೆ ಅಂತ."

ಗುರುಗಳ ಬೆರಳು ಅಕ್ಕಿಯ ಮೇಲೆ ನಿಂತಿತು.

ಹೊಳೆಯ ಕಡೆಯಿಂದ ಕೂಗು ಕೇಳಿಸಿತು.

ನಾಗವೇಣಿ ಏಳುವ ಮುನ್ನ ಬಟ್ಟೆ ಬೀಸಿದ್ದು ತರಕಾರಿ ಮಾರುವ ಹನುಮಕ್ಕನ ಹರಿಗೋಲಿಗೆ. ಅದು ಆಗಲೇ ಬಂಡೆಯ ಮರೆಗೆ ಹೋಗಿತ್ತು. ಬಸಲಿಂಗಣ್ಣ ಕೂತು ನೋಡಿದಾಗ ನೀರು ಖಾಲಿ ಕಂಡಿತು. ಅವನು ಈಚೆ ದಡದವರಿಗೆ ಬಟ್ಟೆ ಬೀಸಿದ. ಎರಡು ಹರಿಗೋಲುಗಳು ಕಿರುದಾರಿಯಲ್ಲಿ ಒಂದಕ್ಕೊಂದು ಬಡಿದು, ಗಿರಗಿರ ತಿರುಗಿ, ಬಂಡೆಗೆ ಸಿಕ್ಕಿಕೊಂಡವು.

ಯಾರ ಜೀವಕ್ಕೂ ಏನೂ ಆಗಲಿಲ್ಲ. ಹನುಮಕ್ಕನ ಬುಟ್ಟಿ ಮಾತ್ರ ಮಗುಚಿತು. ಬದನೆಕಾಯಿಗಳು ನೀರಿನಲ್ಲಿ ಸಾಲಾಗಿ ತೇಲಿಹೋದವು.

ಸೊಂಟದವರೆಗೆ ನೆನೆದ ಹನುಮಕ್ಕ ದಡಕ್ಕೆ ಬಂದವಳೇ ಕೇಳಿದಳು: "ನನಗ ಬಾ ಅಂತ ಬಟ್ಟಿ ಬೀಸಿದಾಕಿ ಯಾವಾಕಿ?"

"ನಾನೇ, ಹನುಮಕ್ಕಾ" ಎಂದಳು ಓಡಿ ಬಂದ ನಾಗವೇಣಿ.

"ಆಕಾಶದಾಗ ವಿಮಾನ ದಾಟಸ್ತೀ ಅಂತಲ್ಲವ್ವಾ. ಮೊದಲ ನನ್ನ ಬದನಿಕಾಯಿ ದಾಟಸು ನಮ್ಮವ್ವಾ!"

ದಡದಲ್ಲಿದ್ದವರು ನಕ್ಕರು. ನಾಗವೇಣಿಗೆ ನಗು ಬರಲಿಲ್ಲ. ಇನ್ನೊಂದು ಹರಿಗೋಲಿನಲ್ಲಿ ಒಂದು ಮಗುವಿತ್ತು. ಅದು ತಾಯಿಯ ಸೆರಗನ್ನು ಮುಷ್ಟಿಯಲ್ಲಿ ಹಿಡಿದಿತ್ತು. ದಡಕ್ಕೆ ಇಳಿಸಿದ ಮೇಲೂ ಮುಷ್ಟಿ ಬಿಚ್ಚಲಿಲ್ಲ.

"ನನಗೇನ್ ಗೊತ್ತವ್ವಾ" ಎಂದ ಬಸಲಿಂಗಣ್ಣ. ಅವನ ಮುಖ ಬಾಡಿತ್ತು. "ನೀರು ಖಾಲಿ ಇತ್ತು. ನೀನೂ ಎಲ್ಲ ಸರಿ ಐತಿ ಅಂದಿ."

ಸಂಜೆ ನಾಗವೇಣಿ ಗುರುಗಳ ಮುಂದೆ ತಲೆ ತಗ್ಗಿಸಿ ಕೂತಳು.

"ನಾನು ಈ ಕೆಲಸಕ್ಕೆ ತಕ್ಕವಳಲ್ಲ ಗುರುಗಳೇ."

"ಅದು ಆಮೇಲಿನ ಮಾತು. ಎರಡೂ ಶಾಲೆ ನೋಡಿಕೊಂಡು ಬಾ."

"ಏನು ನೋಡಲಿ?"

"ಒಬ್ಬರು ಎದ್ದು ಇನ್ನೊಬ್ಬರು ಕೂರುವ ಹೊತ್ತಿಗೆ ಹೋಗು. ಏಳುವವರನ್ನು ನೋಡು."

"ಕೂರುವವರನ್ನು?"

"ಅವರನ್ನು ಎಲ್ಲರೂ ನೋಡುತ್ತಾರೆ."

ಬಾಗಿಲ ಬಳಿಯಿಂದ ಬಸಲಿಂಗಣ್ಣ ಸೇರಿಸಿದ: "ಹಂಗ ಕ್ಯಾಂಟೀನ್ ಹೆಂಗೈತಿ ಅದನ್ನೂ ನೋಡ್ಕೊಂಡು ಬಾರವ್ವಾ."

ನಾಗವೇಣಿ ಹೊರಟಳು.

ಮೊದಲನೆಯ ಶಾಲೆ ಗಾಜಿನ ಕಟ್ಟಡದಲ್ಲಿತ್ತು. ಅಲ್ಲಿ ನಿಜವಾದ ಗೋಪುರದಂಥದೇ ಒಂದು ಕೋಣೆ. ದೊಡ್ಡ ಪರದೆಯ ಮೇಲೆ ಆಕಾಶ, ಅದರಲ್ಲಿ ಕಲಿಯುವವರಿಗಾಗಿ ಮಾಡಿಟ್ಟ ಸುಳ್ಳು ವಿಮಾನಗಳು. ಗೋಡೆಯ ತುಂಬ ಪಾಸಾದವರ ಫೋಟೊಗಳು.

"ನಮ್ಮಲ್ಲಿ ಸೇರಿದವರು ಪಾಸಾಗದೆ ಹೋಗೋದೇ ಅಪರೂಪ" ಎಂದರು ಅಲ್ಲಿನ ಮುಖ್ಯಸ್ಥರು. ಅದು ಸುಳ್ಳಾಗಿರಲಿಲ್ಲ.

ಗಂಟೆ ಹೊಡೆಯಿತು. ಪರದೆಯ ಮುಂದಿದ್ದ ಹುಡುಗ ಹೆಡ್‌ಫೋನ್ ತೆಗೆದು ಮೇಜಿನ ಮೇಲಿಟ್ಟ. "ಇನ್ನು ನಿಂದಪ್ಪಾ" ಎಂದು ಮುಂದಿನವನ ಬೆನ್ನು ತಟ್ಟಿದ. ಅವನು ಕುರ್ಚಿ ಎಳೆದುಕೊಳ್ಳುವಷ್ಟರಲ್ಲಿ ಇವನು ಬಾಗಿಲು ದಾಟಿದ್ದ. ಪರದೆಯ ಮೇಲೆ ಒಂದು ವಿಮಾನ ಆಗತಾನೆ ಇಳಿಯತೊಡಗಿತ್ತು.

ಎರಡನೆಯ ಶಾಲೆ ಹಳೆಯ ಕಟ್ಟಡದ ಮಹಡಿಯಲ್ಲಿತ್ತು. ಪರದೆ ಸಣ್ಣದು. ಫ್ಯಾನು ತಿರುಗುವಾಗ ಕಿರುಗುಟ್ಟುತ್ತಿತ್ತು. ಗೋಡೆಯ ಮೇಲೆ ಫೋಟೊಗಳಿರಲಿಲ್ಲ, ಗಡಿಯಾರವೊಂದಿತ್ತು.

ಅಲ್ಲಿಯೂ ಗಂಟೆ ಹೊಡೆಯಿತು. ಕೂತಿದ್ದ ಹುಡುಗಿ ಏಳಲಿಲ್ಲ. ಮುಂದಿನವಳನ್ನು ಪಕ್ಕಕ್ಕೆ ಕರೆದು ಪರದೆಯ ಮೇಲೆ ಬೆರಳಿಟ್ಟು ಹೇಳಿದಳು: "ಇದಕ್ಕೆ ಇಳಿ ಅಂತ ಹೇಳಿದೀನಿ, ಇನ್ನೂ ಇಳಿದಿಲ್ಲ. ಇದಕ್ಕೆ ಕಾಯೋಕೆ ಹೇಳಿದೀನಿ, ಕಾಯ್ತಾ ಇದೆ. ಇಲ್ಲೊಂದು ಇದೆ, ಈಗ ಕಾಣಲ್ಲ. ಆದರೆ ಬರ್ತಾ ಇದೆ."

ಆಮೇಲೆ ಎದ್ದಳು. ಎದ್ದು ಹೋಗಲಿಲ್ಲ. ಕುರ್ಚಿಯ ಹಿಂದೆ ನಿಂತಳು.

ತಾನು ಬಟ್ಟೆ ಕೊಟ್ಟು ಓಡಿದ್ದು ನೆನಪಾಗಿ ನಾಗವೇಣಿ ಕಣ್ಣು ತಗ್ಗಿಸಿದಳು.

ಮತ್ತೆ ನೋಡಿದಾಗ ಆ ಹುಡುಗಿಯ ಕಣ್ಣು ಪರದೆಯ ಮೇಲಿರಲಿಲ್ಲ. ಗೋಡೆಯ ಗಡಿಯಾರದ ಮೇಲಿತ್ತು. ಮುಳ್ಳು ಅದರ ಮೇಲೆ ಹಾಕಿದ್ದ ಗುರುತಿಗೆ ಬಂದದ್ದೇ ತಡ, ಬಾಣದಂತೆ ಹೊರಗೆ ಹೋದಳು.

ನಾಗವೇಣಿ ಅವಳನ್ನು ಮೆಟ್ಟಿಲಲ್ಲಿ ತಡೆದು ಕೇಳಿದಳು: "ಯಾಕಮ್ಮಾ ಅಲ್ಲಿ ನಿಂತಿದ್ದೆ?"

"ನಿಯಮ ಅಕ್ಕಾ. ನಿಲ್ಲದೆ ಇದ್ರೆ ಮೇಡಂ ಬಿಡಲ್ಲ. ನಿಂತೂ ನಿಂತೂ ಕಾಲು ನೋವು ಬಂದಿದೆ."

"ಇಲ್ಲಿಂದ ಪಾಸಾಗುವವರು ಎಷ್ಟು ಮಂದಿ?"

"ಅದೊಂದನ್ನ ಮಾತ್ರ ಕೇಳಬೇಡಿ" ಎಂದು ನಕ್ಕು ಹುಡುಗಿ ಇಳಿದುಹೋದಳು.

ನಾಗವೇಣಿ ಆಶ್ರಮಕ್ಕೆ ಮರಳಿದಳು. ಗುರುಗಳು ಹೊಳೆಯ ಮೆಟ್ಟಿಲ ಮೇಲೆ ಕೂತಿದ್ದರು. ಕಂಡದ್ದನ್ನೆಲ್ಲ ಹೇಳಿದಳು. ಏನನ್ನೂ ಬಿಡಲಿಲ್ಲ.

"ಮೊದಲನೆಯ ಶಾಲೆಯಲ್ಲಿ ಯಾರೂ ನಿಲ್ಲೋದಿಲ್ಲ. ಎರಡನೆಯದರಲ್ಲಿ ನಿಲ್ಲುತ್ತಾರೆ, ಆದರೆ ಕಾಲು ಮಾತ್ರ ನಿಂತಿರುತ್ತೆ. ಮನಸ್ಸು ಹೋಗಿರುತ್ತೆ. ಎರಡೂ ಒಂದೇ ಅಲ್ಲವೇ ಗುರುಗಳೇ?"

"ಕಾಲು ನಿಂತಿದ್ದರೆ ಮನಸ್ಸು ಒಂದು ದಿನ ವಾಪಸು ಬರುತ್ತೆ. ಕಾಲೇ ಹೊರಟುಹೋದರೆ, ಅದು ಬಂದು ಸೇರೋದು ಎಲ್ಲಿಗೆ?"

ನಾಗವೇಣಿ ಕೆಳಗಿನ ಮೆಟ್ಟಿಲ ಮೇಲೆ ಕೂತಳು.

"ಆದರೆ ಅಲ್ಲಿ ಪಾಸಾಗುವವರು ಕಡಿಮೆ. ನನಗಿರೋದು ಒಂದೇ ಅವಕಾಶ."

"ಹೌದು."

"ಪಾಸಾಗದೆ ಹೋದರೆ?"

"ಒಬ್ಬ ಹುಡುಗಿ ಅಳುತ್ತಾಳೆ."

ನೀರು ಮೆಟ್ಟಿಲಿಗೆ ತಾಗಿ ಹಿಂದೆ ಸರಿಯಿತು.

"ನಿಲ್ಲೋದನ್ನು ಕಲಿಯದೆ ಪಾಸಾದರೆ?" ಎಂದು ಕೇಳಿದರು ಗುರುಗಳು.

ನಾಗವೇಣಿಗೆ ಆ ಮಗುವಿನ ಮುಷ್ಟಿ ಕಣ್ಣಿಗೆ ಕಟ್ಟಿತು. ಎದ್ದು ಒಳಗೆ ಹೋಗಿ ಎರಡೂ ಶಾಲೆಗಳಿಗೆ ಫೋನು ಮಾಡಿದಳು. ಮೊದಲನೆಯವರಿಗೆ ಬರುವುದಿಲ್ಲ ಎಂದಳು. ಎರಡನೆಯವರಿಗೆ ನಾಳೆಯೇ ಬರುತ್ತೇನೆ ಎಂದಳು.

"ಯಾವುದಕ್ಕವ್ವಾ?" ಎಂದ ಬಸಲಿಂಗಣ್ಣ.

"ಫ್ಯಾನು ಕಿರುಗುಟ್ಟೋ ಶಾಲೆಗೆ."

"ಕ್ಯಾಂಟೀನ್ ಐತೇನು?"

"ಇಲ್ಲಣ್ಣಾ."

"ಅಯ್ಯ ಶಿವನೇ. ಹಂಗಾರ ನಿಜವಾಗ್ಲೂ ಓದಸ್ತಾರ."

ಮರುದಿನ ಬೆಳಿಗ್ಗೆ ನಾಗವೇಣಿ ಚೀಲ ಹೆಗಲಿಗೇರಿಸಿ ಗುರುಗಳಿಗೆ ನಮಸ್ಕರಿಸಿದಳು. ಎದ್ದ ಮೇಲೂ ಹೊರಡಲಿಲ್ಲ.

"ಇನ್ನೇನು?" ಎಂದರು ಗುರುಗಳು.

"ಎದ್ದವರು ಎಷ್ಟು ಹೊತ್ತು ನಿಲ್ಲಬೇಕು ಅಂತ ಅಲ್ಲಿ ಗಡಿಯಾರ ಹೇಳುತ್ತೆ. ಗಡಿಯಾರ ಇಲ್ಲದ ಕಡೆ ಎಷ್ಟು ಹೊತ್ತು ನಿಲ್ಲಬೇಕು ಗುರುಗಳೇ?"

ಗುರುಗಳು ಅವಳ ಮುಖ ನೋಡಿದರು.

"ಕೂತವರು ಕೆಲಸದಲ್ಲಿ ಮುಳುಗಿ ನಿನ್ನನ್ನು ಮರೆಯುವ ತನಕ."