ಗೋಲಿ ಬಿಟ್ಟುಹೋದ ಗೆರೆ

ಮೇಷ್ಟ್ರು ಪಾಠಕ್ಕೆಂದು ಅಡ್ಡಲಾಗಿ ಮಲಗಿಸಿದ ದುಂಡು ಹಲಗೆಯೊಂದನ್ನು ಚಕ್ರದಂತೆ ತಿರುಗಿಸಿದರು. ಅದರ ಅಂಚಿನಲ್ಲಿ ಸೀಮೆಸುಣ್ಣದ ತುಂಡು ಕೂತಿತ್ತು. ಸುಣ್ಣದ ಪುಡಿಯಲ್ಲಿ ಹೊರಳಿಸಿದ ಗೋಲಿಯನ್ನು ನಡುವಿನಿಂದ ಅದರ ಕಡೆಗೇ ಉರುಳಿಸಿದರು. ಗೋಲಿ ಅದನ್ನು ಮುಟ್ಟದೆ ಕೆಳಗಿನ ತಟ್ಟೆಗೆ ಬಿತ್ತು. ಹಲಗೆಯ ಮೇಲೆ ಬಾಗಿದ ಬಿಳಿ ಗೆರೆ ಉಳಿಯಿತು.

"ಬರ್ತೀನಿ ಅಂದು ಓರೆಯಾಗಿ ಹೋಗಿಬಿಟ್ಟೆಯಲ್ಲ," ಎಂದಿತು ಸೀಮೆಸುಣ್ಣ.

"ನೆಟ್ಟಗೇ ಬಂದೆ ಮಾರಾಯ. ನೀನು ಅಲ್ಲಿರಲಿಲ್ಲ."

"ನಾನು ಕದಲೇ ಇಲ್ಲ. ಗೆರೆ ನೋಡು, ಸುಳ್ಳುಬುರುಕ!"

ಮೇಷ್ಟ್ರು ಹಲಗೆಯನ್ನು ಇನ್ನೂ ಜೋರಾಗಿ ತಿರುಗಿಸಿದರು. ಸೀಮೆಸುಣ್ಣವೂ ಜಾರಿ ತಟ್ಟೆಗೆ ಬಿತ್ತು. ಅಲ್ಲಿಂದ ಮೇಲೆ ನೋಡಿತು. ತಾನು ಕೂತಿದ್ದ ಜಾಗ ಗಿರ್ರನೆ ಸುತ್ತುತ್ತಿತ್ತು.

"ಇಷ್ಟು ಹೊತ್ತೂ ನಿನ್ನನ್ನೇ ಬೈದೆನಲ್ಲ," ಎಂದಿತು ಸಣ್ಣ ದನಿಯಲ್ಲಿ.

"ಇರಲಿ ಬಿಡು, ಬಂದೆಯಲ್ಲ," ಎಂದು ಗೋಲಿ ಸರಿದು ಜಾಗ ಕೊಟ್ಟಿತು.